ಬಿಸ್ಕೆಟ್‌ಗೆ ಎರಡು ಕುಂಡ

ಕಾಕ್ಸ್‌ಟೌನಿನ ಹುಡುಗ, ಡೆನ್ಜಿಲ್ ಅಂತ ಹೆಸರು,
ಹೆಲ್ಮೆಟ್ಟು ತೆಗೆಯದೆಯೇ ಕೇಳಿದ:
ಆಂಟಿ, ಒಡೆದ ಕುಂಡ ಇದ್ಯಾ?

ಪಾಟರಿ ಟೌನಿನಲ್ಲಿ ನಲವತ್ತು ವರ್ಷದಿಂದ
ಒಡೆಯದ ಹಾಗೆ ಮಾಡುವುದೇ ನನ್ನ ಕಸುಬು.
ದೀಪಾವಳಿಗೆ ಹಣತೆ, ಬಾಲ್ಕನಿ ತುಳಸಿಗೆ ಅಂಗೈಯಗಲದ ಕುಂಡ.
ಒಡೆದದ್ದು ಬೇಕು ಅಂದವನು ಇವನೇ ಮೊದಲು.
ಯಾವ ಗಿಡಕ್ಕಪ್ಪ ಅಂದೆ.
ಗಿಡಕ್ಕಲ್ಲ, ಬಿಸ್ಕೆಟ್‌ಗೆ ಅಂದ. ಫೋನು ತೋರಿಸಿದ.

ಗಾಜಿನ ಪೆಟ್ಟಿಗೆಯಲ್ಲಿ ಬೋವಾ,
ನಮ್ಮ ಹೆಬ್ಬಾವಿನ ದೂರದ ನೆಂಟ, ಕಡಲಾಚೆಯದು,
ಮೊಟ್ಟೆ ಇಡೋದಿಲ್ಲವಂತೆ, ಮರಿಯನ್ನೇ ಹಾಕುತ್ತದಂತೆ.
ಚಹದಲ್ಲಿ ಅದ್ದಿದ ಬಿಸ್ಕೆಟ್ಟಿನ ಬಣ್ಣ.
ಅಷ್ಟು ದುಡ್ಡು ಕೊಟ್ಟು, ಸರ್ಕಾರಕ್ಕೆ ಕಾಗದ ಬರೆದು ತಂದದ್ದು
ಬಚ್ಚಿಟ್ಟುಕೊಂಡರೆ ನೋಡುವುದು ಹೇಗೆ ಅಂತ
ಒಳಗೆ ಒಂದು ಒಣಕಡ್ಡಿಯನ್ನೂ ಇಟ್ಟಿರಲಿಲ್ಲ.
ಟ್ಯೂಬ್‌ಲೈಟು, ಗಾಜು, ಹಾವು. ಅಷ್ಟೇ.
ಭಾನುವಾರ ಸ್ನೇಹಿತರೆಲ್ಲ ಗಾಜಿಗೆ ಮೂಗು ಒತ್ತಿ ನೋಡಿದರು.
ಅದೂ ಮೂಗು ಒತ್ತಿತು, ರಾತ್ರಿಯೆಲ್ಲ, ಮೂಲೆಮೂಲೆಗೆ,
ಚರ್ಮ ಕಿತ್ತು ಕೆಂಪಾಗುವ ತನಕ.
ಏಳು ವಾರ ಇಲಿ ಮುಟ್ಟಲಿಲ್ಲ.

ಹೆಬ್ಬಾಳದ ಡಾಕ್ಟರಮ್ಮ ಬಾಯಿ ಬಿಡಿಸಿ ನೋಡಿ
ರೋಗ ಏನೂ ಇಲ್ಲ, ಮರೆಯಾಗೋಕೆ ಜಾಗ ಕೊಡಿ ಅಂದರಂತೆ.
ಒಂದಲ್ಲ ಎರಡು. ಬಿಸಿ ಕಡೆಗೊಂದು, ತಣ್ಣನೆ ಕಡೆಗೊಂದು.
ಒಂದೇ ಇದ್ದರೆ ಮೈ ಮರಗಟ್ಟಿದರೂ ಅಲ್ಲೇ ಕೂತಿರುತ್ತೆ,
ಹೆದರಿದ ಜೀವಕ್ಕೆ ಚಳಿ ಯಾವ ಲೆಕ್ಕ.

ದೊಡ್ಡದಾಗೇ ಮಾಡ್ತೀನಿ, ಆರಾಮಾಗಿರಲಿ, ಅಂದೆ.
ಬೇಡ ಆಂಟಿ, ಇಕ್ಕಟ್ಟಾಗಿರಬೇಕು.
ಸುತ್ತಿಕೊಂಡರೆ ಎಲ್ಲ ಕಡೆಯಿಂದ ಬೆನ್ನಿಗೆ ಗೋಡೆ ತಾಗಬೇಕು.
ತಾಗಲಿಲ್ಲ ಅಂದ್ರೆ ಅದಕ್ಕೆ ಅದೂ ಬಯಲೇ.

ಇಷ್ಟು ಕೇಳಿದ್ದೇ ನನಗೆ ಆವಿಗೆ ನೆನಪಾಯಿತು.

ಮದುವೆಯಾಗಿ ಬಂದ ವರ್ಷ. ಒಂದು ಕೋಣೆ, ಒಂಬತ್ತು ಜನ,
ಸೀರೆ ಬದಲಿಸಲು ಇನ್ನೊಂದು ಸೀರೆಯೇ ಮರೆ.
ಬೆಂದ ಮಡಕೆಗಳನ್ನು ತೆಗೆದಾದ ಮೇಲೆ
ಆವಿಗೆ ಎರಡು ದಿನ ಬೆಚ್ಚಗೆ, ಖಾಲಿ ಇರುತ್ತಿತ್ತು.
ಮಂಡಿ ಎದೆಗೊತ್ತಿ ಒಳಗೆ ಕೂರುತ್ತಿದ್ದೆ,
ಬೆನ್ನಿಗೆ ಇಟ್ಟಿಗೆ, ಭುಜಕ್ಕೆ ಇಟ್ಟಿಗೆ, ತಲೆತುಂಬ ಬೂದಿ.
ಅತ್ತೆ ಕೂಗುತ್ತಿದ್ದರು: ರತ್ನಾ, ಏ ಮುನಿರತ್ನಾ, ಎಲ್ಲಿ ಸತ್ತೆ?
ಸತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ.
ಏನೂ ಮಾಡುತ್ತಿರಲಿಲ್ಲ, ಅದೇ ಅದರ ರುಚಿ.
ಆಮೇಲೆ ಹಸಿವಾಗುತ್ತಿತ್ತು.
ಎದ್ದು ಹೋಗಿ ಮುದ್ದೆ ಉಣ್ಣುತ್ತಿದ್ದೆ.

ಇದನ್ನು ಹುಡುಗನಿಗೆ ಹೇಳಲಿಲ್ಲ.
ಅಳತೆ ಕೇಳಿದೆ.

ಚಕ್ರದ ಮೇಲೆ ಎರಡು ಬೋಗುಣಿ ಎತ್ತಿದೆ.
ಹಸಿಯಿರುವಾಗಲೇ ಅಂಚಿನಲ್ಲಿ ಬಾಗಿಲು ಕೊಯ್ದು
ಒದ್ದೆ ಬೆರಳಲ್ಲಿ ಮೂರು ಸಲ ಸವರಿದೆ, ಹೊಟ್ಟೆ ತರಚಬಾರದು.
ತಳಕ್ಕೆ ತೂತು ಬಿಡಲಿಲ್ಲ:
ಗಿಡಕ್ಕೆ ನೀರು ಹೋಗುವ ದಾರಿ ಹಾವಿನ ತಲೆಗೆ ಉರುಲು.
ಪಂಚಮಿಗೆ ಎಷ್ಟು ಹುತ್ತಕ್ಕೆ ಹಾಲೆರೆದಿದ್ದೇನೋ ನಾನು,
ಯಾರದೋ ಬಾಗಿಲಿಗೇ ಸುರಿಯುತ್ತಿದ್ದೇನೆ ಅಂತ
ಒಮ್ಮೆಯೂ ಹೊಳೆದಿರಲಿಲ್ಲ.
ಗೆದ್ದಲು ಕಟ್ಟಿದ್ದು ಹಾವಿನ ಪಾಲು ಅನ್ನುತ್ತಾರೆ.
ಈ ಸಲ ಗೆದ್ದಲಿಗೆ ಮುನ್ನೂರೈವತ್ತು ರೂಪಾಯಿ ಸಿಕ್ಕಿತು,
ಚೌಕಾಸಿಯಾದ ಮೇಲೆ.

ಹದಿನೈದು ದಿನ ಬಿಟ್ಟು ವಿಡಿಯೋ ಬಂತು.
ಕನ್ನಡಕ ಹಾಕಿ ನೋಡಿದೆ. ಮಗುಚಿದ ನನ್ನ ಕುಂಡ,
ಬಾಗಿಲಲ್ಲಿ ಕತ್ತಲು. ಒಂದು ನಿಮಿಷ ಬರೀ ಕತ್ತಲು.
ಹಿಂದಿನಿಂದ ಅವನ ಪಿಸುದನಿ, ಜಂಬದಲ್ಲಿ:
ಕಾಣಿಸ್ತಾ ಇಲ್ಲ ಅಲ್ವಾ ಆಂಟಿ?
ನಿನ್ನೆ ತಿಂತು.

ಮುಂದಿನ ವರ್ಷ ಇನ್ನೂ ದೊಡ್ಡ ಅಳತೆ ಬೇಕಂತೆ.

ಸಂಜೆ ಸೊಸೆ ಬೀದಿಯುದ್ದಕ್ಕೂ ಕೂಗುತ್ತಿದ್ದಳು,
ಮೊಮ್ಮಗಳು ಸ್ಕೂಲಿಂದ ಬಂದವಳು ಕಾಣಿಸುತ್ತಿಲ್ಲ.
ಆವಿಗೆಯ ಬಾಯಲ್ಲಿ ಒಂದು ಜೊತೆ ಚಪ್ಪಲಿ.
ಅತ್ತೆ, ನೀವೇನಾದರೂ ನೋಡಿದಿರಾ?

ಇಲ್ಲವಲ್ಲ ಅಂದೆ,
ಮಣ್ಣು ತುಳಿಯುತ್ತಾ.