ಇರಲಿ

ಬೆಟಗೇರಿಯ ಕಟ್ಟಿಗೆ ಅಡ್ಡೆಯಲ್ಲಿ ಮೋನಪ್ಪ ಬಡಿಗೇರ
ಹಲಗೆಗಳನ್ನು ಮಗ್ಗುಲು ತಿರುವಿ ತಿರುವಿ ತೋರಿಸಿದ.
"ಸಾಗವಾನಿ ತಗೋರಿ ಅಕ್ಕಾರ, ಕಣ್ಣು ಮುಚ್ಚಿ ತಗೋರಿ."
ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು,
ಕಣ್ಣು ಮುಚ್ಚಿ ಏನನ್ನೂ ತಗೊಂಡವಳಲ್ಲ.
ಬೆಲೆ ಕೇಳಿದಾಗ ಮಾತ್ರ ಒಮ್ಮೆ ಮುಚ್ಚಿದೆ.

ಪ್ರೆಸ್ಸಿನಲ್ಲಿ ನನ್ನ ಮೇಜೆಂದರೆ
ಕಾಗದದ ರೀಮುಗಳ ಮೇಲೆ ಹಾಸಿದ ಒಂದು ಹಲಗೆ.
ಕಾಗದ ಖರ್ಚಾದಂತೆ ಮೇಜು ತಗ್ಗುತ್ತಿತ್ತು,
ಹೊಸ ಲೋಡು ಬಂದ ದಿನ ಎದೆಮಟ್ಟ.
ಒಂದೇ ಪುಸ್ತಕದ ಮೊದಲ ಫಾರ್ಮು ಕತ್ತೆತ್ತಿ ಓದಿ,
ಕೊನೆಯದನ್ನು ಬಗ್ಗಿ ಓದಿದ್ದಿದೆ.
ಈಗ ಬೇಕಾದ್ದು ಇಪ್ಪತ್ತೊಂಬತ್ತು ಇಂಚು.
ಒಂದು ನೂಲು ಹೆಚ್ಚಲ್ಲ, ಕಡಿಮೆಯಲ್ಲ.

ಬೀಟೆ ಇತ್ತು, ಒಂದೇ ತುಂಡು, ಗೋಡೆಗೆ ಆತು ನಿಂತಿತ್ತು.
ಕಪ್ಪು. ಮಸಿ ಸಾಕಷ್ಟು ನೋಡಿದ್ದೇನೆ.
ಹೊನ್ನೆ ಮನಸ್ಸಿಗೆ ಬಂತು.
ಮೋನಪ್ಪ ಅದರ ಹೊಟ್ಟನ್ನು ಒಂದು ಚಿಟಿಕೆ
ನೀರಿನ ಗ್ಲಾಸಿಗೆ ಹಾಕಿದ: ಹಳದಿ, ಅಂಚಿಗೆ ತುಸು ನೀಲಿ.
"ಒದ್ದಿ ಕಾಗದ ಇಟ್ರ ಹಿಂಗ ಹತ್ತತೈತ್ರಿ."
ಮತ್ತಿ ಎತ್ತಲು ಆರು ಜನ ಬೇಕು,
ನಮ್ಮ ಮನೆಗೆ ಬರುವವರೇ ಇಬ್ಬರು.

ಮೂಲೆಯಲ್ಲಿ ಬೇವು.
ಹುಲಕೋಟಿಯ ಯಾರದೋ ಕಣದಲ್ಲಿ
ಎರಡು ಬೇಸಿಗೆ ಒಣಗಿದ್ದಂತೆ.
"ಅದು ಚೌಕಟ್ಟಿಗಾತ್ರಿ. ನಾರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳತೈತಿ,
ರಂಧಾ ಹರಕೋತ ಹೊಕ್ಕೈತಿ."
ಬಗ್ಗಿ ಮೂಸಿದೆ. ಕಹಿ ಇನ್ನೂ ಇತ್ತು.
ಇದೇ, ಅಂದೆ.

ಪಾಲಿಶಿನ ದಾವಲಸಾಬ ನಾಲ್ಕು ಅಂಗೈಯಗಲ ತುಂಡು ತಂದ.
ಒಂದೊಂದರ ಮೇಲೂ ಬಿಸಿ ಚಹಾ ಇಟ್ಟು ನೋಡಿದೆವು.
ಅರಗಿನದು ಮುದ್ದಾಗಿತ್ತು, ಗ್ಲಾಸ್ ಎತ್ತಿದರೆ ಬಿಳಿ ಬಳೆ.
ಮೆಲಮೈನಿನಲ್ಲಿ ಟ್ಯೂಬ್‌ಲೈಟ್ ಉದ್ದಕ್ಕೆ ಮಲಗಿತ್ತು.
"ಪಿಯು ಹಾಕಿದ್ರ ಹತ್ತು ವರ್ಷ ಏನೂ ಆಗಂಗಿಲ್ರಿ."
ಏನೂ ಆಗದ ಮೇಜಿನ ಮುಂದೆ ಕೂತು ಏನು ಮಾಡಲಿ?
ನಾಲ್ಕನೆಯದಕ್ಕೆ ಬರೀ ಅಗಸಿ ಎಣ್ಣೆ.
"ಚಟ್ನಿ ಕುಟ್ಟತೀರಲ್ರಿ, ಅದರದ.
ದಿನಕ್ಕೊಮ್ಮಿ ಒಂದು ವಾರ, ವಾರಕ್ಕೊಮ್ಮಿ ಒಂದು ತಿಂಗಳು,
ತಿಂಗಳಿಗೊಮ್ಮಿ ಒಂದು ವರ್ಷ. ಆಮ್ಯಾಲ
ವರ್ಷಕ್ಕೊಮ್ಮಿ, ನೀವು ಇರೋತನಕ."
ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಒಗೆಯಬಾರದು,
ತಾನಾಗಿ ಹೊತ್ತಿಕೊಳ್ಳುತ್ತದೆ ಅಂದ,
ತಂತಿಯ ಮೇಲೆ ಅಗಲಿಸಿ ಹಾಕಿದ.

ಹಲಗೆಯ ನಡುವೆ ಎಂಟಾಣೆಯಷ್ಟು ಒಂದು ಗಂಟು, ಪಕ್ಕಕ್ಕೆ ಸೀಳು.
ಹೊಟ್ಟು, ಅಂಟು ಕಲಸಿ ಮುಚ್ಚುತ್ತೇನೆ,
ಗೊತ್ತೇ ಆಗುವುದಿಲ್ಲ ಅಂದ ಮೋನಪ್ಪ.
ನಾನು ಪೆನ್ಸಿಲಿನಿಂದ ಅದರಡಿ ಐದು ಚುಕ್ಕಿ ಇಟ್ಟೆ.
ಹೊಡೆದುಹಾಕಿದ್ದು ತಪ್ಪಲ್ಲವೆಂದು ತಡವಾಗಿ ತಿಳಿದರೆ
ಹಾಗೆ ಚುಕ್ಕಿಯಿಟ್ಟು
ಅಂಚಿಗೆ 'ಇರಲಿ' ಎಂದು ಬರೆಯುವುದು ನಮ್ಮ ರೂಢಿ.
ಬರೆಯುವುದು ಮರೆತೆ.

ಮರುದಿನ ಹೋದರೆ ಮೊದಲ ಚುಕ್ಕಿಗೆ ಬೈರಿಗೆ ಆರಪಾರ,
ಎರಡನೆಯದಕ್ಕೆ ಅರ್ಧ.
"ತೂತಿಗೆ ಗುರ್ತು ಮಾಡೀರಿ ಅಂದ್ಕೊಂಡ್ನಿ ಅಕ್ಕಾರ..."

ಬೈಯಲು ಬಾಯಿ ತೆರೆದೆ.
ಹಿಂದೆ ಒಬ್ಬ ಕವಿಯ 'ಕಣ'ವನ್ನು ನಾನು 'ಕಣ್ಣು' ಮಾಡಿದ್ದೆ.
ಸಾವಿರ ಪ್ರತಿ. ಆತ ಪ್ರೆಸ್ಸಿಗೆ ಬಂದು
ಪುಸ್ತಕ ಕಟ್ಟಿಸಿಕೊಂಡು, ಚಹಾ ಕುಡಿದು ಹೋದ.
ಆ ಪುಟ ನೋಡಿದನೋ ಇಲ್ಲವೋ, ಇವತ್ತಿಗೂ ತಿಳಿಯದು.

ಮೋನಪ್ಪ ಹೊಟ್ಟು ಕಲಸಲು ಎದ್ದ.
ಕೈ ಹಿಡಿದು ಕೂರಿಸಿ, ಗಂಟಿನ ಪಕ್ಕ
ಈ ಸಲ ಅಕ್ಷರದಲ್ಲೇ ಬರೆದೆ.
ದಾವಲಸಾಬ ಅದನ್ನು ಉಜ್ಜಲಿಲ್ಲ,
ಅದರ ಮೇಲೇ ಎಣ್ಣೆ ಎಳೆದ.

ಮೊದಲ ತೂತಿನಲ್ಲಿ ಪೆನ್ಸಿಲ್ ನಿಲ್ಲುತ್ತದೆ, ಕೊಂಚ ವಾಲಿ.
ಅರೆತೂತಿನಲ್ಲಿ ಎಣ್ಣೆ ನಿಂತಿದೆ,
ಆರಲು ಇನ್ನೊಂದು ವಾರ ಬೇಕಂತೆ.