ರಟ್ಟಿನ ಮೇಲೆ ಒಂಬತ್ತು ಹನಿ

ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಆಕಾಶವನ್ನಲ್ಲ,
ಗಾಡಿಯ ಹೊಟ್ಟೆಯ ಕೆಳಗೆ ರಾತ್ರಿ ಹಾಸಿದ ರಟ್ಟನ್ನು.
ಒಂಬತ್ತು ಹನಿ.
ನಿನ್ನೆ ಏಳು. ಮೊನ್ನೆ ಏಳೋ ಎಂಟೋ,
ಎರಡು ಕೂಡಿಕೊಂಡು ಒಂದಾಗಿದ್ದವು.

ಗುಮ್ರಿಯ ಕಪ್ಪು ಕಲ್ಲಿನ ಗೋಡೆಗೆ ಒತ್ತಿ ನಿಂತ ನನ್ನ ನೀವಾ
ಭೂಕಂಪಕ್ಕಿಂತ ಒಂದೂವರೆ ವರ್ಷ ಹಿರಿಯದು.
ಇಲ್ಲಿ ಎಲ್ಲದರ ವಯಸ್ಸನ್ನೂ ಹಾಗೇ ಎಣಿಸುತ್ತೇವೆ,
ಅದಕ್ಕೆ ಮೊದಲು, ಅದಾದ ಮೇಲೆ.
ಎರಡು ಬಾಗಿಲಿಗೆ ಎರಡು ಬಣ್ಣ.
ಎಂಜಿನ್ ಮಾತ್ರ ಅದೇ.

ವಾರಕ್ಕೆರಡು ಸಲ ಅಶೋತ್ಸ್ಕ್ ಕಡೆಯ ಹಳ್ಳಿಗಳಿಗೆ ಹತ್ತಿ
ಉಪ್ಪುನೀರಲ್ಲಿ ಮುಳುಗಿದ ಚೀಸ್ ತುಂಬಿ ತರುತ್ತೇನೆ.
ಅಲ್ಲಿನ ಚಳಿಗೆ ಉಗುಳು ನೆಲ ಮುಟ್ಟುವ ಮೊದಲೇ
ಮನಸ್ಸು ಬದಲಿಸುತ್ತದೆ.

'ಎಲ್ಲಿಂದ ಸೋರ್ತಿದೆ?' ಕೇಳಿದ ಪಾರ್ಗೆವ್,
ವೈದ್ಯನ ಹಾಗಲ್ಲ, ಚಾಡಿಮಾತಿಗೆ ಕಿವಿಗೊಡುವವನ ಹಾಗೆ.
ಮೇಲಿನ ಮುಚ್ಚಳ ಬೆವರುತ್ತದೆ, ಅಂದೆ.
ಹಿಂದಿನ ಸೀಲು ತೊಟ್ಟಿಕ್ಕುತ್ತದೆ.
ಸೀಲು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.
ಆ ಕೂಲಿಯಲ್ಲಿ ಇನ್ನೊಂದು ನೀವಾ ಬಂದೀತು,
ಅದೂ ಸೋರುವಂಥದ್ದೇ.

ಸಿಗರೇಟಿಗೆ ಬಂದಿದ್ದ ಸೆದ್ರಾಕ್ ನಡುವೆ ಬಾಯಿ ಹಾಕಿದ:
'ದಪ್ಪ ಎಣ್ಣೆ ಸುರಿ, ಇಪ್ಪತ್ತು-ಐವತ್ತು.
ಸೋರೋದಕ್ಕೂ ಅದಕ್ಕೆ ಸೋಮಾರಿತನ.'
ಹೌದು ಮಾರಾಯ, ಮೇಲೇರೋದಕ್ಕೂ ಸೋಮಾರಿತನ!
ಜನವರಿಯ ಬೆಳಗ್ಗೆ ಅದು ಎಣ್ಣೆಯಲ್ಲ, ಜೇನು.
ಸ್ಟಾರ್ಟರ್ ನರಳಿ ನರಳಿ ಎಂಜಿನ್ ಎದ್ದರೂ
ಮೇಲಿನ ಕ್ಯಾಮ್ ಒಣಗಂಟಲಲ್ಲಿ ಕೂಗುತ್ತದೆ.
ಕಳೆದ ಚಳಿಗಾಲ ಕೇಳಿದ್ದೇನೆ ಆ ಕೂಗು,
ಬ್ಯಾಟರಿ ಸತ್ತ ಮೇಲೂ ಕೇಳುತ್ತಿತ್ತು.

ಮೇಲಿನ ಸಾಲಿನಲ್ಲಿ ಹೊಸ ಕಾರುಗಳ ಎಣ್ಣೆ,
ಚಿನ್ನದ ಬಣ್ಣದ ಡಬ್ಬಿ, ನೀರಿನಂಥ ತೆಳುವು.
ಕೈ ಚಾಚಿದೆ.
'ಬೇಡ,' ಅಂದ ಪಾರ್ಗೆವ್.
'ಒಳಗೆ ಮೂವತ್ತು ವರ್ಷದ ಕೊಳೆ ಇದೆಯಲ್ಲ,
ಎಷ್ಟೋ ಬಿರುಕಿಗೆ ಅದೇ ಬೆಣೆ.
ಇದು ತೊಳೆದು ಹಾಕುತ್ತೆ.
ಎಂಜಿನ್ ಫಳಫಳ. ನಿನ್ನ ಅಂಗಳ ಕೆರೆ.'

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವಳಲ್ಲ ನಾನು.
ಡಬ್ಬಿ ತಿರುಗಿಸಿ ತಿರುಗಿಸಿ ಸಣ್ಣಕ್ಷರ ಓದಿದೆ.
ಕೊನೆಗೆ ಅವನು ಕೆಳಗಿನ ಸಾಲಿನಿಂದ ಧೂಳೊರೆಸಿ ತೆಗೆದದ್ದು
ಹತ್ತು-ನಲವತ್ತು, ಬಹಳ ಓಡಿದ ಗಾಡಿಗಳಿಗೆ.
ಒಣಗಿ ಗಟ್ಟಿಯಾದ ರಬ್ಬರಿಗೆ
ತಾನು ರಬ್ಬರೆಂಬುದನ್ನು ನೆನಪಿಸುವ ಏನೋ ಮದ್ದು
ಅದರಲ್ಲಿ ಬೆರೆತಿದೆಯಂತೆ.
'ನಿಲ್ಲುತ್ತಾ?'
'ಕಡಿಮೆ ಆಗಬಹುದು. ಸಾವಿರ ಕಿಲೋಮೀಟರ್ ಕಾಯಿ.'
ನಿಲ್ಲುತ್ತೆ ಅಂದಿದ್ದರೆ ನಾನು ಕೊಳ್ಳುತ್ತಿರಲಿಲ್ಲ.
ನಾಲ್ಕು ಲೀಟರಿನ ಡಬ್ಬಿ ಒಂದು,
ಹಿಂದಿನ ಸೀಟಿನಡಿಗೆ ಇರಲೆಂದು ಲೀಟರಿನದು ಇನ್ನೊಂದು.

ಹಳೆಯದನ್ನು ಇಳಿಸುವಾಗ ಬಿಸಿ ಹೊಗೆಯಾಡಿ
ಕೈಯ ಬಿರುಕುಗಳಲ್ಲೆಲ್ಲ ಕಪ್ಪು ಗೆರೆ ಮೂಡಿತು.
ಸೋಪಿಗೆ ಹೋಗಲಿಲ್ಲ, ನಿಂಬೆಗೂ ಹೋಗಲಿಲ್ಲ.
ಚೀಸ್ ಕೊಳ್ಳುವ ಅರುಸ್ಯಾಕ್ ಮೂಗು ಮುರಿದಳು,
ಎರಡು ಕಿಲೋ ಕೊಂಡಳು.

ಮೊದಲ ದಿನ ಹನ್ನೊಂದು ಹನಿ. ಪಾರ್ಗೆವ್‌ನನ್ನು ಬೈದೆ.
ಆಮೇಲೆ ಎಂಟು. ಆಮೇಲೆ ಹಿಮ ಬಿತ್ತು, ಎಣಿಸಲಿಲ್ಲ.
ಆರು. ಆರು. ಐದು.

ಒಂದು ಬೆಳಿಗ್ಗೆ ರಟ್ಟು ಒಣಗಿತ್ತು.
ಒಂದು ಹನಿಯೂ ಇಲ್ಲ.
ಖುಷಿಯಲ್ಲ, ಎದೆ ಧಸಕ್ಕೆಂದಿತು.
ಸೋರುವುದಕ್ಕೂ ಒಳಗೇನಾದರೂ ಇರಬೇಕಲ್ಲ?
ಚಪ್ಪಲಿಯಲ್ಲೇ ಓಡಿ ಬಾನೆಟ್ ಎತ್ತಿ
ಕಡ್ಡಿ ಎಳೆದು, ಸೆರಗಿಲ್ಲದ್ದಕ್ಕೆ ಸ್ವೆಟರ್ ತುದಿಗೆ ಒರೆಸಿ,
ಮತ್ತೆ ಅದ್ದಿ ನೋಡಿದರೆ
ಎರಡು ಗೆರೆಗಳ ನಟ್ಟನಡುವೆ, ಜೇನುಬಣ್ಣ, ತೆಪ್ಪಗೆ.

ರಾತ್ರಿ ಹಿಮದಲ್ಲಿ ಗಾಡಿಯನ್ನು
ಒಂದು ಗೇಣು ಮುಂದೆ ನಿಲ್ಲಿಸಿದ್ದೆ ಅಷ್ಟೆ.
ರಟ್ಟಿನಾಚೆ ಬಿಳಿಯ ಮೇಲೆ
ಒಂದು, ಎರಡು, ಮೂರು, ನಾಲ್ಕು.