ಸ್ಟೆಪ್ನಿ

ಮೈಂದರಗಿ ರೋಡಿಗಿ, ಕಬ್ಬಿನ ಹಾಲಿನ ಗಾಡಿ ದಾಟಿದ್ರ
ಹಾಶಂಪೀರನ ಅಂಗಡಿ. ಬೋರ್ಡು ಮರಾಠಿ,
ಲೆಕ್ಕ ಹಿಂದಿ, ನಟ್ಟು ಜಾಮ್ ಆದ್ರ ಬೈಗುಳ ಕನ್ನಡ.
ಶಾಳಿ ಸುರು ಆಗಾಕ ಆರು ದಿನ.
ನನ್ನ ಓಮ್ನಿ ಜಾಕಿನ ಮ್ಯಾಲ ಒಂದು ಕಾಲೆತ್ತಿ ನಿಂತದ,
ಲಾಳ ಹೊಡಿಸಿಕೊಳ್ಳೊ ಕುದುರಿ ಹಂಗ.

"ಚಂಪಕ್ಕಾ, ಇವು ಟಾಯರಲ್ಲ, ಬಕ್ಕ ತಲಿ."
ಗೊತ್ತದ.
ರೂಪಾಯಿ ನಾಣ್ಯ ಗೆರಿಯೊಳಗ ನಿಲ್ಲಿಸಿ ನೋಡೀನಿ,
ನಿಲ್ಲಲಿಲ್ಲ.

ಅವನ ತಮ್ಮನ ಮಗ ಬಿಲಾಲ, ಕಿವ್ಯಾಗ ವೈರು,
ಗ್ವಾಡಿಗಿ ತೂಗುಹಾಕಿದ ಅಲಾಯ್ ತೋರಸ್ತಾನ:
ಐದೆಸಳಿಂದು, ಚಕ್ಕುಲಿಯಂಥಾದು, ಇನ್ನೊಂದು
ಮದುಮಗನ ಬಾಸಿಂಗದ ಹಂಗ ಮಿರಿಮಿರಿ.
"ಹದಿಮೂರರ ರಿಮ್ ಹಾಕೋಣು ಬಾಯಿ, ಗಾಡಿ ಎತ್ತರ ಕಾಣತದ."
ಎತ್ತರ ತಗೊಂಡು ನಾನೇನು ಮಾಡಲಿ?
ಒಂದನೆತ್ತಿ ಮಹಾಂತವ್ವ ಈಗೇ ಗಾಡಿ ಹತ್ತಾಕ
ಮೊಳಕಾಲು ಗದ್ದಕ್ಕ ಮುಟ್ಟಸ್ತಾಳ.

ಹನ್ನೆರಡರದ್ದೇ ಇರಲಿ. ಕಬ್ಬಿಣದ್ದೇ ಇರಲಿ.
ಬಾಗಿದ್ರ ಬಡದು ಹಾದಿಗಿ ತರಬಹುದು.

ಹಾಶಂಪೀರ ಮುಂದಿನ ಎಡಗಾಲಿ ಕಳಚಿ
ಬರೇ ರಿಮ್ಮು ಗರಗರ ತಿರವತಾನ,
ಬಾಜೂಕ ಒಂದು ಖಡು ಅಲುಗಾಡದಂಗ ಹಿಡದು.
ನೆಟ್ಟಗಿದ್ದ ಕಬ್ಬಿಣ ಖಡುವಿನ ಗೊಡವಿಗಿ ಹೋಗೂದಿಲ್ಲ.
ಸೊಟ್ಟಿದ್ದದ್ದು ಮಾತ್ರ ತಾನೇ ಬಂದು
ವಿಭೂತಿ ಹಚಗೊಂಡು ಹೋಗತದ.

"ಎಲ್ಲಿ ಬಡಿಸಿಕೊಂಡಿ?"
ದುಧನಿ ಗೇಟಿನ ಆಚಿ. ಪರವೀನಳಿಗಿ ದಮ್ಮು ಹತ್ತಿತ್ತು,
ಆ ರಾತ್ರಿ ಯಾವ ತಗ್ಗೂ ತಗ್ಗಲ್ಲ.
ಹೇಳಲಿಲ್ಲ.
ಸುತ್ತಿಗಿ ಏಟು ಎಣಿಸಿದೆ, ಹದಿನಾಕು.

ಚೀಟಿ ಎತ್ತಿದ್ದು ಒಂಬತ್ತು ಸಾವಿರ, ಮೂರು ಟಾಯರಿಗಿ ಸಮಾ.
ನಾಕನೇದ್ದಕ್ಕ ನನ್ನ ಕೈಯಾಗ ಹುಕುಮಿನ ಎಲಿ:
ಹಿಂದಿನ ಸೀಟಿನ ಬೆನ್ನಿಗಿ ಕೂತ ಸ್ಟೆಪ್ನಿ.
ಗಾಡಿ ಮಾರಿದ ಹೆಡ್ ಮಾಸ್ತರು ಅದನ್ನ ಇಳಿಸಿದವರಲ್ಲ,
ನಾನೂ ಇಲ್ಲ. ಪಂಕ್ಚರ್ ಆದ್ರ ಅಲ್ಲೇ ಕೂತು ಹಾಕಿಸೀನಿ,
ಅದಕ್ಕ ಮಣ್ಣು ಹತ್ತಬಾರದು ಅಂತ.
ಮೈತುಂಬ ರಬ್ಬರಿನ ಎಳಿ ಎಳಿ ಕೂದಲ ಇನ್ನೂ ಹಂಗೇ ಅದಾವ,
ಎಳಿಗೂಸಿನ ಕಿವಿ ಮ್ಯಾಲಿನಂಥಾವು.
"ಇದನ್ನ ಹಾಕು" ಅಂದೆ, ಜರಾ ಸೊಕ್ಕಿಲೆ.

ಅವ ಉಗುಳು ಹಚ್ಚಿ ಬಾಜೂ ಒರಸಿದ. ನಾಕು ಅಂಕಿ.
"ನಲವತ್ತೊಂದನೇ ವಾರ, ಇಸವಿ ಹದಿಮೂರು."
ಹೆಬ್ಬಟ್ಟಿಲೆ ಒತ್ತಿದ.
ಕೆರಿ ಬತ್ತಿದ ಮ್ಯಾಲಿನ ನೆಲದಂಗ
ಸಣ್ಣ ಸಣ್ಣ ಬಿರುಕು ಬಾಯಿ ತೆರದವು.
"ನೆಲ ಮುಟ್ಟಿಲ್ಲ, ಖರೆ. ಓಡಿದ್ದು ಸವಿತದ ಅಕ್ಕಾ,
ಕೂತದ್ದು ಒಣಗತದ."

ನನ್ನ ಟ್ರಂಕು ನೆನಪಾತು.
ಕುಸುಬಿ ಹೂವಿನ ಬಣ್ಣದ ಇಳಕಲ್ಲು, ಲಗ್ಗಣದ ವರ್ಷದ್ದು,
ಛಲೋ ದಿನಕ್ಕ ಇರಲಿ ಅಂತ ಇಟ್ಟಿದ್ದು.
ಹೋದ ಯುಗಾದಿಗಿ ಬಿಚ್ಚಿದ್ರ
ಮಡಿಕಿ ಇದ್ದಲ್ಲೆಲ್ಲ ಸೀಳು,
ಸೆರಗಿಗಿ ಇನ್ನೂ ಅಂಗಡಿ ವಾಸನಿ.

"ನಾಕೂ ಹೊಸಾವು ಹಾಕು" ಅಂದೆ. "ಒಂದು ಉದ್ರಿ."
ಹಾಶಂಪೀರ ಅದೇ ಖಡುಲೆ ಗ್ವಾಡಿಗಿ ಬರದ:
ಚಂಪಾ, ಮೂರು ಸಾವಿರ.
ಬಿಲಾಲ ಪಾನಾ ಹಿಡದು ಸಾಲಿಗಿ ಬಿಗೀತಾ ಹೊಂಟಿದ್ದ,
"ಏ ಮಗನ! ಬಾಜೂದ್ದಲ್ಲೋ, ಎದುರಿಂದು!
ಬಾಜೂದ್ದೇ ಬಿಗಿದ್ರ ಗಾಲಿ ವಾರಿ ಕೂಡತದ!"
ವೈರು ಕಿತ್ತು ಬಿಲಾಲ
ಮತ್ತ ಮೊದಲಿಂದ.

ಕಳಚಿದ್ದರಾಗ ಕಮ್ಮಿ ಸವದದ್ದು ಈಗ ಸ್ಟೆಪ್ನಿ.
ಆ ಹಳೇದನ್ನ ಮನಿಗಿ ತಂದು ಪತ್ರಾಸಿನ ಮ್ಯಾಲ ಒಗದೀನಿ,
ಗಾಳಿಗಿ ತಗಡು ಹಾರಬಾರದು.
ಹೊಸಾ ಟಾಯರಿನ ಕೂದಲ ಡಾಂಬರಿಗಿ ತಾಗಿ
ಚಿರಿಪಿರಿ ಚಿರಿಪಿರಿ ಅಂದವು ರೈಲ್ವೆ ಗೇಟಿನ ತನಕ,
ಆಮ್ಯಾಲ ಕೇಳಲಿಲ್ಲ.

ಸೆರಗು ಗಟ್ಟಿ ಇತ್ತು.
ಕತ್ತರಿಸಿ ಹಿಂದಿನ ಸೀಟಿನ ಹರಕಿಗಿ ಹೊಲದೆ.
ಶಾಳಿ ಸುರು ಆದ ದಿನ ಮಹಾಂತವ್ವ
ಮಾವಿನ ವಾಟಿ ಚೀಪಿಕೋತ ಬಂದು
ಅದರ ಮ್ಯಾಲ ಕೂತಳು,
ಅದಕ್ಕೇ ಕೈ ಒರಸಿದಳು.